ಒಂದು ಗಂಟೆ

ಸೆಪ್ಟೆಂಬರ್ 1, 1965. ದಿಲ್ಲಿಯಲ್ಲಿ ಸಂಜೆ ನಾಲ್ಕರ ಹೊತ್ತು. ರಕ್ಷಣಾ ಸಚಿವ ಯಶವಂತರಾವ್ ಚವಾಣರ ಕೋಣೆಗೆ ಸದ್ದು ಮಾಡದೆ ಬನ್ನಿ, ಗೋಡೆಗೆ ಆತು ನಿಂತುಕೊಳ್ಳಿ. ಜಮ್ಮುವಿನ ಗಡಿಯ ಛಾಂಬ್‌ನಿಂದ ಬಂದ ಸುದ್ದಿ ಚೆನ್ನಾಗಿಲ್ಲ. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಬೆಳಗಿನಿಂದ ನುಗ್ಗುತ್ತಿವೆ. ಅವುಗಳ ಕಣ್ಣು ಅಖ್ನೂರಿನ ಸೇತುವೆಯ ಮೇಲೆ. ಭೂಸೇನೆಯ ಜನರಲ್ ಚೌಧುರಿ ವಿಮಾನ ಕೊಡಿ ಎನ್ನುತ್ತಿದ್ದಾರೆ.

ಆ ಎತ್ತರದ ಸರ್ದಾರ್ಜಿಯನ್ನು ನೋಡಿ. ವಾಯುಪಡೆಯ ಮುಖ್ಯಸ್ಥ ಅರ್ಜನ್ ಸಿಂಗ್, ವಯಸ್ಸು 46. 1944ರಲ್ಲಿ ಇಂಫಾಲದಲ್ಲಿ ಹರಿಕೇನ್ ಹಾರಿಸಿ ಡಿಎಫ್‌ಸಿ ಪದಕ ಪಡೆದವರು. 1947ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ವಿಮಾನಗಳ ದಂಡಿಗೆ ಮುಂದಾಳಾದವರು.

ಎಷ್ಟು ಹೊತ್ತು ಬೇಕು ಎಂದು ಕೇಳುತ್ತಾರೆ ಚವಾಣರು.

ಒಂದು ಗಂಟೆ.

ಇದನ್ನು ಕೆಚ್ಚಿನ ಮಾತೆಂದೇ ಹೇಳುತ್ತಾ ಬಂದಿದ್ದೇವೆ. ನನಗೆ ಕೇಳಿಸುವುದು ಲೆಕ್ಕ. ಹೊತ್ತು ಮುಳುಗಲು ಮೂರು ಗಂಟೆಯೂ ಉಳಿದಿಲ್ಲ. ಆಮೇಲೆ ಪೈಲಟ್‌ಗೆ ಕೆಳಗೆ ಏನು ಕಂಡೀತು?

ಪಠಾಣ್‌ಕೋಟ್ ವಾಯುನೆಲೆಗೆ ನಡೆಯಿರಿ. ಸಾಲಾಗಿ ನಿಂತ ನಮ್ಮ ಜೆಟ್‌ಗಳಾದ ವ್ಯಾಂಪೈರ್‌ಗಳಲ್ಲಿ ಒಂದರ ಮೂತಿಯನ್ನು ಬೆರಳಲ್ಲಿ ತಟ್ಟಿ ನೋಡಿ. ಲೋಹದ ಸದ್ದಲ್ಲ. ಪೈಲಟ್ ಕೂರುವ ಗೂಡು ಪ್ಲೈವುಡ್ಡು ಮತ್ತು ಬಾಲ್ಸಾ ಮರದ್ದು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನೂರಾರು ತಯಾರಾದ ಜಾತಿ ಇದು, ಆದರೆ ಇದರ ಮೂಲ ಮಾದರಿ ಮೊದಲು ಹಾರಿದ್ದು 1943ರಲ್ಲಿ. ಆಚೆ ಕಾಯುತ್ತಿರುವುದು ಪಾಕಿಸ್ತಾನದ ಸೇಬರ್ ಜೆಟ್. ಆರಿಸಿಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ ಅನ್ನಬಹುದು. ಆದರೂ ಆ ಮರದ ಗೂಡನ್ನು ಮುಟ್ಟಿದ ಕೈಗೆ ಸಮಾಧಾನವಾಗುವುದಿಲ್ಲ.

5 ಗಂಟೆ 19 ನಿಮಿಷ. ಮೊದಲ ನಾಲ್ಕು ಓಡುತ್ತವೆ, ಏಳುತ್ತವೆ. ಹಿಂದೆಯೇ ಇನ್ನು ನಾಲ್ಕು, ಮತ್ತೆ ನಾಲ್ಕು. ಮಿಸ್ಟೇರ್ ಜೆಟ್‌ಗಳ ಸರದಿ ಆಮೇಲೆ.

ಛಾಂಬ್‌ನಲ್ಲಿ ಹೊಗೆ, ದೂಳು. ಮೇಲಿನಿಂದ ಟ್ಯಾಂಕು ಯಾರದಾದರೂ ಟ್ಯಾಂಕೇ. ಕೆಲವು ಗುಂಡು ನಮ್ಮವರ ಮೇಲೂ ಬೀಳುತ್ತವೆ. ಅಷ್ಟರಲ್ಲಿ ಸೇಬರ್‌ಗಳು ಎರಗುತ್ತವೆ.

ರನ್‌ವೇ ಅಂಚಿನಲ್ಲಿ ನೆಲದ ಸಿಬ್ಬಂದಿಯ ಜೊತೆ ನೀವೂ ಎಣಿಸುತ್ತಿದ್ದೀರಿ. ಹೋದ ವ್ಯಾಂಪೈರ್‌ಗಳು 12. ಇಳಿದವು ಎಂಟು. ಇನ್ನೂ ಬೆಳಕಿದೆ, ಯಾರೂ ಕದಲುವುದಿಲ್ಲ.

2002ರಲ್ಲಿ ಅರ್ಜನ್ ಸಿಂಗರಿಗೆ ಐದು ನಕ್ಷತ್ರಗಳು ಬರುತ್ತವೆ, ವಾಯುಪಡೆಯಲ್ಲಿ ಮತ್ತಾರಿಗೂ ಸಿಗದ ಪದವಿ. ಅದಿನ್ನೂ ದೂರ. ಈಗ ಆಗಬೇಕಾದದ್ದು ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ತೆಗೆಯುವ ಕೆಲಸ. ನಾಳೆ ಇದೇ ರನ್‌ವೇಗೆ ನ್ಯಾಟ್ ಯುದ್ಧವಿಮಾನಗಳು ಬಂದಿಳಿಯಬೇಕು.