ಒಂದು ಅಂಕಿ ತಪ್ಪಿದರೆ

ನಮ್ಮ ಊರು ಪಾಲಾರ್. ಮಹದೇಶ್ವರ ಬೆಟ್ಟದಿಂದ ಇಳಿದು ಮೆಟ್ಟೂರಿನ ಕಡೆ ಹೋಗುವ ದಾರಿಯಲ್ಲಿ, ತಮಿಳುನಾಡಿನ ಗಡಿಯಲ್ಲಿದೆ. ಮನೆಯಲ್ಲಿ ಉರ್ದು, ಅಬ್ಬಾ ಅವರ ಚಹಾ ಅಂಗಡಿಯಲ್ಲಿ ಕನ್ನಡ, ತಮಿಳು ಎರಡೂ. ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಜೀವಕೋಶದ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನನ್ನ ಗೆಳೆಯ.

ಅವನು ಸೋಲಿಗರ ಪೋಡಿನವನು. ಹೈಸ್ಕೂಲಿನಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಚಳಿಗಾಲ ಬಂದರೆ ಕೈಕಾಲು ನೋವೆಂದು ವಾರಗಟ್ಟಲೆ ಬರುತ್ತಿರಲಿಲ್ಲ. ಸೋಮಾರಿ ಎಂದವರೇ ಹೆಚ್ಚು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಸಿಕಲ್ ಸೆಲ್ ಕಾಯಿಲೆ ಎಂದು ಗೊತ್ತಾಯಿತು. ಹತ್ತನೇ ತರಗತಿ ಪಾಸಾದರೂ ಹಾಜರಾತಿಯ ಭಯಕ್ಕೆ ಅವನು ಕಾಲೇಜು ಸೇರಲಿಲ್ಲ.

ಚಳಿಗೆ ತುಪ್ಪ ಗಟ್ಟಿಯಾದರೆ ಅಮ್ಮಿ ‘ಜಮ್ ಗಯಾ’ ಅನ್ನುತ್ತಾರೆ. ಜೀವಕೋಶದೊಳಗೂ ಪ್ರೋಟೀನುಗಳು ಹೀಗೆ ಒಟ್ಟುಗೂಡುತ್ತವೆ. 2009ರಲ್ಲಿ ಕ್ಲಿಫರ್ಡ್ ಬ್ರ್ಯಾಂಗ್ವಿನ್, ಆಂಥನಿ ಹೈಮನ್ ಮತ್ತು ಸಂಗಡಿಗರು, ಒಂದು ಸಣ್ಣ ಹುಳುವಿನ ಭ್ರೂಣದಲ್ಲಿ ಇಂಥ ಗುಂಪುಗಳು ದ್ರವದ ಹನಿಗಳಂತೆ ಕೂಡುವುದನ್ನೂ ಕರಗುವುದನ್ನೂ ತೋರಿಸಿದರು. ಇವುಗಳಿಗೆ ಕಂಡೆನ್ಸೇಟ್ ಎನ್ನುತ್ತಾರೆ. ಹನಿಯಾಗಿದ್ದರೆ ಕೋಶದ ಕೆಲಸ ಸಾಗುತ್ತದೆ. ಗಟ್ಟಿ ನಾರಾದರೆ ತೊಂದರೆ.

ಗೆಳೆಯನ ಕಾಯಿಲೆ ಇದರ ಹತ್ತಿರದ ನೆಂಟ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿದೆ, ಅಷ್ಟೇ. ಲೆಡ್ಜರಿನಲ್ಲಿ ಒಂದು ಅಂಕಿ ತಪ್ಪಿದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದಿಲ್ಲವಲ್ಲ, ಹಾಗೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದನೆಯ ನಾರಾಗುತ್ತದೆ. ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನೋವು ಬರುವುದು ಅದರಿಂದ. ಸುಮಾರು 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಸಾಯುತ್ತದೆ.

ನಾರು ಕಟ್ಟಲು ಸ್ವಲ್ಪ ಸಮಯ ಬೇಕು. ಅಷ್ಟರೊಳಗೆ ಕಣ ಶ್ವಾಸಕೋಶ ತಲುಪಿದರೆ ಪಾರು. ಕಣದಲ್ಲಿ ನೀರು ಕಡಿಮೆಯಾದರೆ ಹಿಮೋಗ್ಲೋಬಿನ್ ದಟ್ಟವಾಗಿ ಆ ಸಮಯವೂ ಕಡಿಮೆಯಾಗುತ್ತದೆ. ‘ಚೆನ್ನಾಗಿ ನೀರು ಕುಡಿ, ಬೆಚ್ಚಗಿರು’ ಎಂದು ಡಾಕ್ಟರ್ ಅವನಿಗೆ ಹೇಳಿದ್ದು ಇದಕ್ಕೇ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿ ಈ ಕಾಯಿಲೆಯ ತಪಾಸಣೆ ನಡೆಸಿದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರವೂ ಇದರ ನಿರ್ಮೂಲನೆಗೆ ಅಭಿಯಾನ ಆರಂಭಿಸಿತು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ.

ನಮ್ಮ ತರಗತಿಗಳಿಗೂ ಇಂಥವರು ಬರುತ್ತಾರೆ. ಪಾಠದ ನಡುವೆ ನೀರು ಕುಡಿಯಲು ಬಿಡಿ. ಚಳಿಯ ದಿನ ಗೈರುಹಾಜರಾದವರನ್ನು ಸೋಮಾರಿ ಅನ್ನುವ ಮೊದಲು ‘ಎಲ್ಲಿ ನೋವು?’ ಎಂದು ಕೇಳಿ.