ಸೈನ್ಯಕ್ಕೆ ಸೇರಿದ ಚಕ್ರವರ್ತಿ

ದಕ್ಷಿಣ ಕೊರಿಯಾದ ಲಿಮ್ ಯೋ-ಹ್ವಾನನನ್ನು ಅಭಿಮಾನಿಗಳು ‘ಚಕ್ರವರ್ತಿ’ ಎಂದೇ ಕರೆದರು. ಸಾಮ್ರಾಜ್ಯವೋ, ಗಣಕಯಂತ್ರದ ಒಂದು ಪರದೆ! ‘ಸ್ಟಾರ್‌ಕ್ರಾಫ್ಟ್’ ಎಂಬ ಯುದ್ಧದಾಟದಲ್ಲಿ 2001 ಮತ್ತು 2002ರ ವರ್ಲ್ಡ್ ಸೈಬರ್ ಗೇಮ್ಸ್ ಪ್ರಶಸ್ತಿಗಳು ಆತನವೇ. ಅವನ ಪಂದ್ಯಗಳನ್ನು ದೂರದರ್ಶನದಲ್ಲಿ ಬಿತ್ತರಿಸುತ್ತಿದ್ದರು. ಆಟವೆಂದರೆ ಕಾಲಹರಣವೆನ್ನುವ ಹಿರಿಯರು ಈ ಜೀವನೋಪಾಯಕ್ಕೆ ಏನೆಂದಾರು?

ಆದರೆ ಬೆರಳಿನ ಚುರುಕಿಗೆ ವಯಸ್ಸೇ ವೈರಿ. ಮೇಲಾಗಿ ಅಲ್ಲಿಯ ತರುಣರಿಗೆ ಸೈನ್ಯಸೇವೆ ಕಡ್ಡಾಯ. ಎರಡು ವರ್ಷ ಅಭ್ಯಾಸ ತಪ್ಪಿದವನ ಕೈ ಮರಳಿ ಕುದುರುವುದುಂಟೆ? 2006ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಆತ ವಾಯುಪಡೆಗೆ ಸೇರಿದ. ವಾಯುಪಡೆಯಾದರೋ ಇಂಥ ಆಟಗಾರರದೇ ತಂಡವೊಂದನ್ನು ಕಟ್ಟಿತು! ನಿಜವಾದ ಸಮವಸ್ತ್ರ ತೊಟ್ಟು ಚಕ್ರವರ್ತಿ ಹುಸಿ ಯುದ್ಧಗಳನ್ನು ಕಾದಿದ.

2008ರ ಕೊನೆಗೆ ಬಿಡುಗಡೆ ಹೊಂದಿ ಹಳೆಯ ತಂಡಕ್ಕೆ ಮರಳಿದನಾದರೂ ಹಿಂದಿನ ವೈಭವ ಮರಳಲಿಲ್ಲ. ಮುಂದೆ ಆತ ಕೈಗೆತ್ತಿಕೊಂಡದ್ದು ಪೋಕರ್ ಎಂಬ ಇಸ್ಪೀಟಾಟವನ್ನು. ಅದಕ್ಕೆ ಬೆರಳಿನ ವೇಗ ಬೇಕಿಲ್ಲ.