ಹಿತ್ತಿಲ ಯಾತ್ರೆ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಕಟ್ಟಿದವನು ನಮ್ಮ ಬಂಟ್ವಾಳದ ಕಡೆಯವನೇ ಇರಬೇಕೆಂದು ನನಗೆ ಬಹಳ ದಿನಗಳಿಂದ ಗುಮಾನಿ. ಕಾಶಿಗೆ ಹೋಗಿ ಬಂದವರು, ಊಟಿಯ ಚಳಿಯಲ್ಲಿ ನಡುಗಿ ಬಂದವರು, ದುಬೈಯ ಗೋಪುರದ ಮುಂದೆ ನಿಂತು ಪಟ ತೆಗೆಸಿಕೊಂಡವರು ನಮ್ಮ ಬೀದಿಯೊಂದರಲ್ಲೇ ಹತ್ತಾರು ಮಂದಿ ಇದ್ದಾರೆ. ಆದರೆ ಕಾರಿಂಜದ ಗುಡ್ಡ ಹತ್ತಿದ್ದೀರಾ ಎಂದು ಕೇಳಿ ನೋಡಿ. "ಅದು ಇಲ್ಲೇ ಉಂಟಲ್ಲ ಮಾರಾಯ್ರೆ, ಯಾವಾಗ ಬೇಕಾದರೂ ಹೋಗಬಹುದು" ಎಂಬ ಉತ್ತರ ಬರುತ್ತದೆ. ಯಾವಾಗ ಬೇಕಾದರೂ ಹೋಗಬಹುದಾದ ಜಾಗಕ್ಕೆ ಮನುಷ್ಯ ಹೋಗುವುದು ಎರಡೇ ಸಂದರ್ಭಗಳಲ್ಲಿ: ಒಂದು, ಮನೆಗೆ ಬೆಂಗಳೂರಿನ ನೆಂಟರು ಬಂದಾಗ, ಇನ್ನೊಂದು, ಹರಕೆ ಬಾಕಿಯಿರುವುದು ನೆನಪಾದಾಗ.

ನಾವಿರುವುದು ಬಂಟ್ವಾಳ ಪೇಟೆಗೂ ಬಿ.ಸಿ.ರೋಡಿಗೂ ನಡುವೆ. ಅತ್ತ ಪೇಟೆಯೂ ಅಲ್ಲದ, ಇತ್ತ ಹಳ್ಳಿಯೂ ಅಲ್ಲದ ಜಾಗ. ಮನೆಯಲ್ಲಿ ಎಪ್ಪತ್ತನಾಲ್ಕು ವರ್ಷದ ನನ್ನ ತಾಯಿ, ನನ್ನಾಕೆ, ಪಿ.ಯು.ಸಿ. ಓದುತ್ತಿರುವ ಮಗ, ಒಂಬತ್ತು ವರ್ಷದ ಮಗಳು. ಕಳೆದ ದೀಪಾವಳಿ ಮುಗಿದ ಮೇಲೆ, ಮಳೆ ಬರುವವರೆಗೆ ತಿಂಗಳಿಗೆರಡು ಭಾನುವಾರ ಹೊರಗೆ ಹೋಗುವುದೆಂದು ತೀರ್ಮಾನವಾಯಿತು. ಕರಾರುಗಳು ಮೂರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಬೇಕು, ಇದು ತಾಯಿಯದು. ಬುತ್ತಿ ಕಟ್ಟುವ ಕೆಲಸ ಒಬ್ಬಳ ತಲೆಗೇ ಬೀಳಬಾರದು. ಇದು ಯಾರದೆಂದು ಹೇಳಬೇಕಾಗಿಲ್ಲ. ಮಗ ಫೋನು ತರಬಹುದು, ಆದರೆ ಆಗಾಗ ತಲೆ ಎತ್ತಬೇಕು, ಇದು ನನ್ನದು. ಮಗಳು ಯಾವ ಕರಾರನ್ನೂ ಹಾಕಲಿಲ್ಲ. ಕಿಟಕಿಯ ಬದಿಯ ಸೀಟು ತನ್ನದೆಂದು ಮಾತ್ರ ಹೇಳಿದಳು.

ಮೊದಲ ಭಾನುವಾರ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋದೆವು. ಅದು ಹದಿನೆಂಟು ಬಸದಿಗಳ ಊರು. ಹದಿನೆಂಟನ್ನೂ ಒಂದೇ ದಿನ ನೋಡುತ್ತೇನೆಂದು ಹೊರಟವನು ಒಂದನ್ನೂ ನೋಡಿರುವುದಿಲ್ಲ. ನಾವು ಸಾವಿರ ಕಂಬದ ಬಸದಿಯಲ್ಲಿ ಸಾವಕಾಶವಾಗಿ ಕುಳಿತೆವು. ೧೪೩೦ರಲ್ಲಿ ಕಟ್ಟಿದ್ದು, ಹೊರಗೆ ಎಷ್ಟೇ ಬಿಸಿಲಿರಲಿ, ಒಳಗಿನ ಕಲ್ಲು ಕೆರೆಯ ನೀರಿನಂತೆ ತಂಪು. ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಮಗಳು ಕಂಬಗಳನ್ನು ಎಣಿಸಲು ಹೊರಟಳು. ಮೂರು ಸಲ ಎಣಿಸಿದಾಗ ಮೂರು ಲೆಕ್ಕ ಬಂತು. "ಸಾವಿರ ಅಂತ ಇಟ್ಟುಕೋ ಮಗಾ, ದೇವರ ಮನೆಯಲ್ಲಿ ಲೆಕ್ಕ ಪಕ್ಕಾ ಮಾಡಬಾರದು" ಎಂದು ಅಜ್ಜಿ ತೀರ್ಪು ಕೊಟ್ಟರು.

ಆದರೆ ಮಗನ ತಲೆಯನ್ನು ಮೇಲೆತ್ತಿಸಿದ್ದು ಕಂಬಗಳಲ್ಲ, ಒಂದು ಜಿರಾಫೆ. ಆ ಬಸದಿಯ ಕಲ್ಲಿನ ಕೆತ್ತನೆಗಳಲ್ಲಿ ಜಿರಾಫೆಯೂ ಚೀನದ ಡ್ರ್ಯಾಗನೂ ಇವೆ. ಆಫ್ರಿಕದ ಪ್ರಾಣಿಯನ್ನು ಮೂಡುಬಿದಿರೆಯ ಶಿಲ್ಪಿ ಎಲ್ಲಿ ಕಂಡ? ಮೆಣಸಿನ ಕಥೆಯನ್ನು ಹೇಳಲು ನನಗೆ ಆಗ ದಾರಿ ಸಿಕ್ಕಿತು. ಘಟ್ಟದ ಬುಡದ ತೋಟಗಳ ಕರಿಮೆಣಸು ಕರಾವಳಿಯ ಬಂದರುಗಳಿಂದ ಹಡಗು ಹತ್ತುತ್ತಿತ್ತು; ಹಡಗಿನಲ್ಲಿ ಹೋದದ್ದು ಮೆಣಸಾದರೆ ಬಂದದ್ದು ಹೊನ್ನಷ್ಟೇ ಅಲ್ಲ, ಕಥೆಗಳೂ ಚಿತ್ರಗಳೂ ಬಂದವು. ಮಗ ಆ ಜಿರಾಫೆಯ ಪಟ ತೆಗೆದು ಯಾರು ಯಾರಿಗೋ ಕಳಿಸಿದ. ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಆಫ್ರಿಕವೂ ಚೀನವೂ ಸಿಕ್ಕವು ಎಂಬುದು ಅವನಿಗೆ ಹೆಮ್ಮೆಯಾಗಿತ್ತೆಂದು ತೋರುತ್ತದೆ.

ಅಲ್ಲಿಂದ ಚೌಟರ ಅರಮನೆಗೆ ಹೋದೆವು. ಹೆಸರು ಅರಮನೆ, ಆದರೂ ಒಂದು ಮನೆತನದ ಮನೆಗೆ ಹೋಗುತ್ತಿದ್ದೇವೆಂಬ ಮರ್ಯಾದೆಯಿಂದ ಹೋಗಬೇಕು. ಅಲ್ಲಿನ ಮರದ ಕೆತ್ತನೆಗಳಲ್ಲಿ ಒಂಬತ್ತು ಮಂದಿ ಹೆಂಗಸರು ಸೇರಿ ಒಂದು ಆನೆಯಾಗಿದ್ದಾರೆ. ಐವರು ಸೇರಿ ಒಂದು ಕುದುರೆಯಾಗಿದ್ದಾರೆ. ನವನಾರೀಕುಂಜರ, ಪಂಚನಾರೀತುರಗ ಎಂದು ಅವಕ್ಕೆ ಹೆಸರು. ದೂರದಿಂದ ಆನೆ, ಹತ್ತಿರ ಹೋದರೆ ಹೆಂಗಸರು. "ನಮ್ಮ ಮನೆಯಲ್ಲಿ ಇಬ್ಬರೇ ಸೇರಿ ಆನೆಯ ಕೆಲಸ ಮಾಡುತ್ತೇವೆ" ಎಂದು ನನ್ನಾಕೆ ಅಂದಳು. ಅತ್ತೆ ಸೊಸೆ ಇಬ್ಬರೂ ನಕ್ಕರು. ನಾನು ಕೆತ್ತನೆಯ ಸೂಕ್ಷ್ಮವನ್ನು ನೋಡುತ್ತ ನಿಂತೆ.

ಮುಂದಿನ ಸಲ ವೇಣೂರು. ಫಲ್ಗುಣಿಯ ದಂಡೆಯಲ್ಲಿ ೧೬೦೪ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಗೊಮ್ಮಟ. ಇದಕ್ಕೂ ಹಿಂದೆ, ೧೪೩೨ರಲ್ಲಿಯೇ, ಕಾರ್ಕಳದಲ್ಲಿ ಗೊಮ್ಮಟ ನಿಂತಿದ್ದ. ನೆರೆಯ ಅಜಿಲರೂ ಒಬ್ಬನನ್ನು ನಿಲ್ಲಿಸುವುದು ಕಾರ್ಕಳದ ಅರಸನಿಗೆ ಸಹಿಸಲಿಲ್ಲವಂತೆ; ಅವನು ದಂಡೆತ್ತಿ ಬಂದಾಗ ಅಜಿಲರು ವಿಗ್ರಹವನ್ನು ಹೊಳೆಯ ಮರಳಿನಲ್ಲಿ ಹೂತು ಬಚ್ಚಿಟ್ಟರಂತೆ. ಅಷ್ಟು ದೊಡ್ಡ ಗೊಮ್ಮಟ ಮರಳಿನೊಳಗೆ ಉಸಿರು ಬಿಗಿಹಿಡಿದು ಮಲಗಿದ್ದ ಎಂಬುದು ಮಗಳಿಗೆ ಬಲು ಹಿಡಿಸಿತು. ಹನ್ನೆರಡು ವರ್ಷಕ್ಕೊಮ್ಮೆ ಇಲ್ಲಿ ಮಹಾಮಸ್ತಕಾಭಿಷೇಕ. ಈಚಿನದು ೨೦೨೪ರಲ್ಲಿ ನಡೆಯಿತು.

ಗೊಮ್ಮಟನ ಪಾದದ ಬಳಿ ಕುಳಿತಾಗ ತಾಯಿ ಯಾವ ಫಲಕದಲ್ಲಿಯೂ ಇಲ್ಲದ ಒಂದು ಕಥೆ ತೆಗೆದರು. ಧರ್ಮಸ್ಥಳದ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕೆತ್ತಿ ಮುಗಿಸಿದ ಮೇಲೆ, ೧೯೭೩ರಲ್ಲಿ, ಆ ಮೂವತ್ತೊಂಬತ್ತು ಅಡಿಯ ಕಲ್ಲನ್ನು ಬಹುಚಕ್ರದ ಗಾಡಿಯ ಮೇಲೆ ಮಲಗಿಸಿ ರಸ್ತೆಯಲ್ಲಿ ತಂದರು. ತಾಯಿಯ ತವರು ಬೆಳ್ತಂಗಡಿಯ ಕಡೆ. ಮದುವೆಗೆ ಮುಂಚಿನ ವರ್ಷ. ಅಕ್ಕಪಕ್ಕದ ಮನೆಯವರೊಂದಿಗೆ ರಸ್ತೆ ಬದಿಯಲ್ಲಿ ಬೆಳಗಿನಿಂದ ಕಾದು ನಿಂತಿದ್ದರಂತೆ. "ದೇವರು ಮಲಗಿಕೊಂಡು ಹೋಗುವುದನ್ನು ನೋಡಿದ್ದು ಅದೊಂದೇ ಸಲ" ಎಂದರು. ಐವತ್ತು ವರ್ಷ ಅವರ ಮಗನಾಗಿದ್ದರೂ ನಾನು ಈ ಮಾತನ್ನು ಕೇಳಿದ್ದು ಅಂದೇ. ಮನೆಯ ಅಡುಗೆ ಕೋಣೆಯಲ್ಲಿ ಈ ಕಥೆ ಬರಲು ಕಾರಣವೇ ಇರಲಿಲ್ಲ. ಕೆಲವು ನೆನಪುಗಳಿಗೆ ಬಸ್ಸು ಹತ್ತಿದರೆ ಮಾತ್ರ ಬಾಯಿ ಬರುತ್ತದೆ.

ಬೆಳ್ತಂಗಡಿಯ ಭಾನುವಾರ ಮನೆ ಎರಡಾಯಿತು. ೧೭೯೪ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿದ ಬಂಡೆ, ನಮ್ಮವರ ಬಾಯಲ್ಲಿ ಗಡಾಯಿಕಲ್ಲು. ಕಲ್ಲಿನಲ್ಲೇ ಕಡಿದ ಸಾವಿರದೆಂಟುನೂರಕ್ಕೂ ಮಿಕ್ಕ ಮೆಟ್ಟಿಲು. ಹತ್ತಲು ಬೇರೆ ದಾರಿಯಿಲ್ಲ. ಐದು ವರ್ಷ ಕಳೆಯುವುದರೊಳಗೆ, ೧೭೯೯ರಲ್ಲಿ, ಅದು ಇಂಗ್ಲಿಷರ ಕೈಸೇರಿತು. ಈಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪಾಲಿಗೆ ಬರುವುದರಿಂದ ಅರಣ್ಯ ಇಲಾಖೆಯವರಲ್ಲಿ ಕೇಳಿಕೊಂಡು, ಬೆಳಗಿನ ತಂಪಿನಲ್ಲೇ ಹತ್ತಬೇಕು. ಮಗನೂ ನನ್ನಾಕೆಯೂ ಹತ್ತಿದರು. ತಾಯಿ, ಮಗಳು, ನಾನು ಉಜಿರೆಯ ಹತ್ತಿರದ ಸೂರ್ಯಕ್ಕೆ ಹೋದೆವು.

ಸೂರ್ಯ ಎಂಬುದು ಸದಾಶಿವರುದ್ರನ ಸನ್ನಿಧಿ. ಅಲ್ಲಿ ಹರಕೆಯೆಂದರೆ ಹಣವಲ್ಲ, ಮಣ್ಣು. ಮನೆ ಬೇಕಾದವರು ಮಣ್ಣಿನ ಮನೆ, ಮಗು ಬೇಕಾದವರು ಮಣ್ಣಿನ ತೊಟ್ಟಿಲು ಒಪ್ಪಿಸುತ್ತಾರೆ. ಒಪ್ಪಿಸಿದ ರೂಪಗಳೆಲ್ಲ ಹತ್ತಿರದ ಬನದಲ್ಲಿ ಮರಗಳ ಬುಡದಲ್ಲಿ ರಾಶಿ ಬಿದ್ದಿರುತ್ತವೆ. ಮಳೆಗೆ ಕರಗಿ, ಪಾಚಿ ಹಿಡಿದು, ಮೆಲ್ಲಗೆ ಮತ್ತೆ ಮಣ್ಣಾಗುತ್ತಿರುತ್ತವೆ. ಮನುಷ್ಯನ ಆಸೆಗಳನ್ನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನಾನು ಕಂಡಿಲ್ಲ. ಮನೆ, ತೊಟ್ಟಿಲು, ಹಸು, ಕೈ, ಕಾಲು. ಈಚಿನವರ ಕಾರು, ಕಂಪ್ಯೂಟರು.

ಮಗಳು ಎಲ್ಲವನ್ನೂ ನೋಡಿ ಬಂದು, "ಅಜ್ಜಿಗೆ ಒಂದು ಕಾಲು ತೆಗೆದುಕೊಳ್ಳುವ, ಅಪ್ಪ" ಎಂದಳು. ತಾಯಿ ಮೊದಲು ನಕ್ಕರು. "ಎರಡೂ ನೋಯುತ್ತದೆ ಮಗಾ, ಒಂದು ಕೊಟ್ಟರೆ ಇನ್ನೊಂದಕ್ಕೆ ಬೇಸರವಾದೀತು" ಎಂದರು. ಆಮೇಲೆ ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಮಗಳು ಹಟ ಬಿಡಲಿಲ್ಲ. ಎರಡು ಕಾಲುಗಳನ್ನು ಒಪ್ಪಿಸಿ ಬಂದೆವು.

ಕಾರಿಂಜದ ಸರದಿ ಬಂದದ್ದು ಅದಾಗಿ ಹದಿನೈದು ದಿನಕ್ಕೆ. ಬೆಳ್ತಂಗಡಿ ರಸ್ತೆಯಲ್ಲಿ ವಗ್ಗ ದಾಟಿದರೆ ಕಾಣುವ ಬಂಡೆಯ ಬೆಟ್ಟ. ಕೆಳಗಿನ ಸನ್ನಿಧಿಯಲ್ಲಿ ಪಾರ್ವತಿ, ತುದಿಯಲ್ಲಿ ಶಿವ. ಕೋತಿಗಳು ಬಹಳ, ಕೈಚೀಲ ತೋರಿಸುವವರು ಕೊಡುವುದಕ್ಕೂ ಸಿದ್ಧರಾಗಿರಬೇಕು. ತಾಯಿ ಬೇಡವೆಂದರೂ ಕೇಳದೆ ಹೊರಟರು. ಹತ್ತು ಮೆಟ್ಟಿಲು ಹತ್ತುವುದು, ನಿಲ್ಲುವುದು. ಪಾರ್ವತಿಯ ಗುಡಿಯ ಬಳಿ ಬಂದು ಸೆರಗಿನಿಂದ ಮುಖ ಒರಸಿಕೊಂಡು, "ಅವಳೇ ಇಲ್ಲಿಗೆ ಸಾಕು ಎಂದು ಕೂತಿದ್ದಾಳೆ, ನಾನೂ ಇಲ್ಲೇ ಕೂರುತ್ತೇನೆ, ನೀವು ಹೋಗಿ ಬನ್ನಿ" ಎಂದರು. ನಾನು ಸಣ್ಣವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತುದಿಯವರೆಗೆ ಹತ್ತಿದವರು ಅವರು.

ಮಗಳು ಮೇಲಕ್ಕೆ ಓಡಿದಳು, ಮತ್ತೆ ಕೆಳಕ್ಕೆ ಓಡಿ ಬಂದು ಅಜ್ಜಿಗೆ ವರದಿ ಒಪ್ಪಿಸಿದಳು: ಗಾಳಿ ಎಷ್ಟು ಜೋರು, ಘಟ್ಟ ಎಷ್ಟು ಉದ್ದ, ತೋಟಗಳು ಎಷ್ಟು ಸಣ್ಣವು. ಎರಡನೆಯ ಸಲ ಓಡಿ ಬರುವಾಗ ಅಣ್ಣನೂ ಜೊತೆಗಿದ್ದ. ತನ್ನ ಫೋನಿನಲ್ಲಿ ಮೇಲಿನ ನೋಟವನ್ನೆಲ್ಲ ಹಿಡಿದು ತಂದು ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದೊಂದಾಗಿ ತೋರಿಸಿದ. ಆ ಯಂತ್ರದ ಮೇಲೆ ನನಗಿದ್ದ ಮುನಿಸು ಅಂದಿಗೆ ಅರ್ಧ ಇಳಿಯಿತು.

ನಮ್ಮ ಪೇಟೆಯನ್ನೇ ನೋಡಲು ಒಂದು ಭಾನುವಾರ ಮೀಸಲಿಟ್ಟಾಗ ನೆರೆಯವರು ನಕ್ಕರು. ನೇತ್ರಾವತಿಯ ದಂಡೆಯ ಈ ಪೇಟೆಯನ್ನು ೧೯೨೩ರ ನೆರೆಯೂ ೧೯೭೪ರ ನೆರೆಯೂ ನುಂಗಿ ಬಿಟ್ಟದ್ದುಂಟು. ಎರಡನೆಯದು ತಾಯಿ ಸೊಸೆಯಾಗಿ ಬಂದ ಮೊದಲ ಮಳೆಗಾಲದ್ದು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರು ಕೈಯೆತ್ತಿ ತೋರಿಸಿದ ಗೋಡೆ ಮಗಳಿಗಿಂತ ಎತ್ತರದಲ್ಲಿತ್ತು. ಹಾವನ್ನು ಕುರಿತ ಪದ್ಯವನ್ನು ಕನ್ನಡದ ಮಕ್ಕಳೆಲ್ಲರಿಗೆ ಕೊಟ್ಟ ಪಂಜೆ ಮಂಗೇಶರಾಯರು ೧೮೭೪ರಲ್ಲಿ ಹುಟ್ಟಿದ ಊರು ಇದೇ ಎಂದಾಗ ಅವಳಿಗೆ ಇನ್ನೂ ಆಶ್ಚರ್ಯ. ಪಾಠದ ಪುಸ್ತಕದವರು ಬೇರೆ ಊರಿನಲ್ಲಿ ಇರುತ್ತಾರೆಂದು ಅವಳ ನಂಬಿಕೆ.

ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯವಿದೆ. ಇಲ್ಲಿ ರಾಜರ ಕಿರೀಟವಲ್ಲ, ಒಕ್ಕಲು ಮನೆಯ ಸಾಮಾನು. ಮಕ್ಕಳಿಗೆ ಹೆಸರೇ ಗೊತ್ತಿಲ್ಲದ ಕಳಸೆ, ಗೊರಬು, ಮುಟ್ಟಾಳೆಯಂಥವನ್ನು ಕುರಿತು ತಾಯಿ ನಿಲ್ಲಿಸದೆ ಮಾತಾಡಿದರು. ಬಸದಿಯಲ್ಲಿ, ಕೋಟೆಯಲ್ಲಿ ನಾನು ಪಂಡಿತನಾಗಿದ್ದೆ. ಇಲ್ಲಿ ಅವರು ಮಾತಾಡುವಾಗ ನಾನೂ ಮಕ್ಕಳ ಸಾಲಿನಲ್ಲಿ ನಿಂತೆ. ಅಂದು ಸಂಜೆ ಮಗನ ಒತ್ತಾಯಕ್ಕೆ ಕಲ್ಲಡ್ಕದ ಕೇಟಿ. ಹಾಲಿನ ಮೇಲೆ ಚಹದ ಕಷಾಯ ಬೆರೆಯದೆ ನಿಲ್ಲುವ ಆ ಲೋಟವನ್ನು ತಾಯಿ ಬಹಳ ಹೊತ್ತು ನೋಡಿ, "ಕಲಕಿದ ಮೇಲೆ ಎಲ್ಲ ಒಂದೇ ಅಲ್ಲವೋ" ಎಂದು ಕಲಕಿಯೇ ಕುಡಿದರು.

ಇಂಥ ತಿರುಗಾಟಕ್ಕೆ ಮಳೆಗಾಲ ಹೇಳಿದ ಕಾಲವಲ್ಲ. ಘಟ್ಟದ ಬುಡದ ದಿಡುಪೆಯ ಕಡೆ ಅಬ್ಬಿಗಳಿವೆ. ಆದರೆ ೨೦೧೯ರ ಆಗಸ್ಟಿನಲ್ಲಿ ಅಲ್ಲಿಯೂ ಚಾರ್ಮಾಡಿಯಲ್ಲಿಯೂ ಗುಡ್ಡ ಜರಿದು ಹೊಳೆ ಉಕ್ಕಿದ್ದನ್ನು ಮರೆಯಬಾರದು. ಕಾರ್ತಿಕದಿಂದ ಚೈತ್ರದವರೆಗಿನ ಭಾನುವಾರಗಳೇ ಸಾಕು.

ಆ ಭಾನುವಾರಗಳು ಎಷ್ಟೆಂದು ಒಂದು ರಾತ್ರಿ ಲೆಕ್ಕ ಹಾಕಿದೆ. ಮಗ ಇನ್ನೊಂದು ವರ್ಷದಲ್ಲಿ ಓದಿಗೆಂದು ಬೆಂಗಳೂರಿಗೋ ಇನ್ನೆಲ್ಲಿಗೋ ಹೋಗುತ್ತಾನೆ. ಮಗಳು ಇನ್ನು ನಾಲ್ಕು ವರ್ಷ ಕಳೆದರೆ ಅಜ್ಜಿಯ ಕೈ ಹಿಡಿದು ನಡೆಯುವುದಕ್ಕೆ ನಾಚಿಯಾಳು. ತಾಯಿಯ ಮೊಣಕಾಲಿನ ಲೆಕ್ಕವನ್ನು ಹಾಕುವುದು ನನ್ನಿಂದಾಗುವುದಿಲ್ಲ. ಅಜ್ಜಿಗೆ ನಡೆಯಲು ಆಗುವ, ಮೊಮ್ಮಕ್ಕಳಿಗೆ ಜೊತೆಗೆ ಬರಲು ಮನಸ್ಸಾಗುವ ಕಾಲ ಒಂದು ಮನೆಯಲ್ಲಿ ಮೂರೋ ನಾಲ್ಕೋ ವರ್ಷ ಕೂಡಿ ಬರುತ್ತದೆ. ವೇಣೂರಿನ ಗೊಮ್ಮಟ ನಾಲ್ಕುನೂರು ವರ್ಷ ನಿಂತಿದ್ದಾನೆ, ಇನ್ನೂ ನಿಲ್ಲುತ್ತಾನೆ. 'ಯಾವಾಗ ಬೇಕಾದರೂ' ಎಂಬ ಮಾತು ಅವನ ಬಾಯಲ್ಲಿ ಒಪ್ಪುತ್ತದೆ, ನಮ್ಮ ಬಾಯಲ್ಲಿ ಅಲ್ಲ.

ಬರುವ ಭಾನುವಾರ ಪೊಳಲಿ. ಜಾತ್ರೆಯ ಕಾಲ, ಚೆಂಡಿನ ಉತ್ಸವವೂ ಬಚ್ಚಂಗಾಯಿಯ ರಾಶಿಯೂ ಒಟ್ಟಿಗೆ ಬರುತ್ತವೆ. ರಾಜರಾಜೇಶ್ವರಿಯ ಗುಡಿಗೆ ಮೆಟ್ಟಿಲ ಸಾಲು ಹತ್ತಬೇಕಾಗಿಲ್ಲವೆಂದು ತಾಯಿಗೆ ಸಮಾಧಾನ. ಹಣ್ಣು ಕೊಯ್ಯಲು ಚೂರಿಯನ್ನೂ ಒಂದು ಚಿಟಿಕೆ ಉಪ್ಪನ್ನೂ ನಿನ್ನೆಯೇ ಕಟ್ಟಿ ಇಟ್ಟುಕೊಂಡಿದ್ದಾರೆ.